ಚಿತ್ರದಿಂದ ಕಳಚಿದ ಧ್ವನಿ

ನದಿಯ ಆಚೆ ದಡದಲ್ಲಿ ಒಬ್ಬರು ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದಾರೆ. ಬಟ್ಟೆ ಕಲ್ಲಿಗೆ ತಾಗಿದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಕೇಳುತ್ತದೆ. ಬೆಳಕಿಗಿಂತ ಶಬ್ದ ನಿಧಾನ ಎಂಬುದಕ್ಕೆ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಕೊಡುತ್ತಿರುವ ಉದಾಹರಣೆ ಇದು. ಇದನ್ನೇ ವಸ್ತುವಾಗಿಟ್ಟುಕೊಂಡು ತಯಾರಾದ ಒಂದು ಪಾಠ ವಿಡಿಯೋವನ್ನು ಈಚೆಗೆ ನೋಡಿದೆ. ದೃಶ್ಯ ಸೊಗಸಾಗಿದೆ, ವಿವರಣೆಯ ಕನ್ನಡ ಶುದ್ಧವಾಗಿದೆ, ವೇಗದ ಲೆಕ್ಕವೂ ಸರಿಯಾಗಿದೆ. ಆದರೆ ಬಟ್ಟೆ ಕಲ್ಲಿಗೆ ತಾಗಿದ ಕ್ಷಣದಲ್ಲೇ ಸದ್ದೂ ಕೇಳುತ್ತದೆ! ಹಿನ್ನೆಲೆಯ ದನಿ 'ಸದ್ದು ತಡವಾಗಿ ಕೇಳಿಸಿತು, ಗಮನಿಸಿದಿರಾ' ಎನ್ನುತ್ತಿರುವಾಗ ಪರದೆಯ ಮೇಲೆ ತಡವೇ ಇಲ್ಲ.

ಏನಾಗಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಹೊಳೆಯ ಅಗಲ ಸುಮಾರು 100 ಮೀಟರ್ ಎಂದುಕೊಳ್ಳೋಣ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ತಡ 0.29 ಸೆಕೆಂಡು. ಸೆಕೆಂಡಿಗೆ 25 ಫ್ರೇಮುಗಳ ವಿಡಿಯೋದಲ್ಲಿ ಇದು ಏಳು ಫ್ರೇಮುಗಳಿಗೂ ಸ್ವಲ್ಪ ಹೆಚ್ಚು. ಸಂಕಲನಕ್ಕೆ ಕುಳಿತವರಿಗೆ ಇದು 'ಹೊಂದಿಕೆ ತಪ್ಪಿದ ಧ್ವನಿ'ಯಾಗಿ ಕಂಡಿದೆ. ಅವರು ಧ್ವನಿಯನ್ನು ಚಿತ್ರದಿಂದ ಬೇರ್ಪಡಿಸಿ ಏಳು ಫ್ರೇಮು ಹಿಂದಕ್ಕೆ ಎಳೆದು 'ಸರಿಪಡಿಸಿದ್ದಾರೆ'. ಅಂದರೆ, ಪ್ರಯೋಗದ ಫಲಿತಾಂಶವನ್ನೇ ದೋಷವೆಂದು ತಿಳಿದು ತೆಗೆದುಹಾಕಿದ್ದಾರೆ.

ಹೀಗೆ ಮಾಡಲು ಬೇಕಾದದ್ದು ಇಲಿಯ ಎರಡು ಕ್ಲಿಕ್ಕುಗಳು ಮಾತ್ರ. 2020–21ರಲ್ಲಿ ಶಾಲೆಗಳು ಮುಚ್ಚಿದ್ದಾಗ ಶಿಕ್ಷಕರು ಮೊಬೈಲಿನಲ್ಲಿ ಪಾಠ ಚಿತ್ರೀಕರಿಸುವುದನ್ನು ಅನಿವಾರ್ಯವಾಗಿ ಕಲಿತರು. ಆ ಅಭ್ಯಾಸ ಈಗಲೂ ಉಳಿದಿದೆ, ಅದು ಒಳ್ಳೆಯದೇ. ಕೆಡೆನ್‌ಲೈವ್, ಓಪನ್‌ಶಾಟ್, ಶಾಟ್‌ಕಟ್ ಮುಂತಾದ ಉಚಿತ ಸಂಕಲನ ತಂತ್ರಾಂಶಗಳು ಯಾವುದೇ ಶಾಲೆಯ ಗಣಕದಲ್ಲೂ ಕೆಲಸ ಮಾಡುತ್ತವೆ. ಆದರೆ ಇವುಗಳನ್ನು ಕಲಿಸುವ ಕೈಪಿಡಿಗಳು, ತರಬೇತಿಗಳು ಎಲ್ಲವೂ ಚಲನಚಿತ್ರದ ಮತ್ತು ಮದುವೆ ವಿಡಿಯೋದ ರೂಢಿಯಿಂದ ಬಂದವು. ಅಲ್ಲಿ ಧ್ವನಿ ಅಲಂಕಾರ. ಪ್ರಯೋಗದ ವಿಡಿಯೋದಲ್ಲಿ ಧ್ವನಿ ಮಾಪನ. ಈ ವ್ಯತ್ಯಾಸವನ್ನು ತಂತ್ರಾಂಶವೂ ಗುರುತಿಸುವುದಿಲ್ಲ, ಅದನ್ನು ಕಲಿಸುವವರೂ ಹೇಳುವುದಿಲ್ಲ ಎಂಬುದು ನನ್ನ ಮುಖ್ಯ ಆಕ್ಷೇಪ.

ಧ್ವನಿಯನ್ನು ಚಿತ್ರದಿಂದ ಬೇರ್ಪಡಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ನಿಜ ನೋಡಿದರೆ ಅವೆರಡೂ ಎಂದೂ ಒಂದಾಗಿರಲೇ ಇಲ್ಲ. ಹಿಂದೆ ಶಾಲೆಗಳಲ್ಲಿ ತೋರಿಸುತ್ತಿದ್ದ 16 ಮಿಲಿಮೀಟರ್ ಚಲನಚಿತ್ರ ಸುರುಳಿಯ ಅಂಚಿನಲ್ಲಿ ಧ್ವನಿಯ ಪಟ್ಟಿ ಇರುತ್ತಿತ್ತು. ಆದರೆ ಒಂದು ಚಿತ್ರಕ್ಕೆ ಸೇರಿದ ಧ್ವನಿ ಅದರ ಪಕ್ಕದಲ್ಲಿ ಇರದೆ 26 ಫ್ರೇಮುಗಳಷ್ಟು ಮುಂದೆ ಇರುತ್ತಿತ್ತು. ಚಿತ್ರವು ದೀಪದ ಮುಂದೆ ನಿಂತು ನಿಂತು ಸಾಗಬೇಕು, ಧ್ವನಿಯ ಪಟ್ಟಿ ಮಾತ್ರ ಒಂದೇ ಸಮನಾದ ವೇಗದಲ್ಲಿ ಹರಿಯಬೇಕು. ಎರಡನ್ನೂ ಒಂದೇ ಜಾಗದಲ್ಲಿ ಓದಲು ಸಾಧ್ಯವಿಲ್ಲ. ಹೀಗಾಗಿ ಹರಿದ ಸುರುಳಿಯನ್ನು ಕತ್ತರಿಸಿ ಅಂಟಿಸಿದಾಗ ಚಿತ್ರ ಒಂದು ಕಡೆ ಜಿಗಿದರೆ ಧ್ವನಿ ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ ಇನ್ನೊಂದು ಕಡೆ ಜಿಗಿಯುತ್ತಿತ್ತು.

ಇಂದಿನ ಡಿಜಿಟಲ್ ಕಡತದಲ್ಲೂ ಅಷ್ಟೆ. ನಾವು ಒಂದು ವಿಡಿಯೋ ಎಂದು ಕರೆಯುವ ಕಡತ ವಾಸ್ತವವಾಗಿ ಒಂದು ಡಬ್ಬಿ. ಅದರೊಳಗೆ ಚಿತ್ರದ ಪ್ರವಾಹ ಒಂದು, ಧ್ವನಿಯ ಪ್ರವಾಹ ಇನ್ನೊಂದು. ಎರಡಕ್ಕೂ ಕಾಲದ ಮುದ್ರೆ ಒತ್ತಲಾಗಿರುತ್ತದೆ. ನೋಡುವಾಗ ಯಂತ್ರ ಈ ಮುದ್ರೆಗಳನ್ನು ಹೊಂದಿಸಿ ತೋರಿಸುತ್ತದೆ. ಚಿತ್ರ ಸೆಕೆಂಡಿಗೆ 25 ಅಥವಾ 30 ಬಾರಿ ಮಾತ್ರ ದಾಖಲಾಗುತ್ತದೆ. ಧ್ವನಿಯಾದರೋ ಸೆಕೆಂಡಿಗೆ 48,000 ಬಾರಿ. 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮಿನ ಅವಧಿ 40 ಮಿಲಿಸೆಕೆಂಡು. ಆ ಅವಧಿಯಲ್ಲಿ ಧ್ವನಿಯ 1,920 ಮಾದರಿಗಳು ದಾಖಲಾಗಿರುತ್ತವೆ. ಒಂದೇ ಘಟನೆಯನ್ನು ಎರಡು ಗಡಿಯಾರಗಳು ಅಳೆಯುತ್ತಿವೆ, ಒಂದರ ಮುಳ್ಳು ಇನ್ನೊಂದಕ್ಕಿಂತ ಸುಮಾರು ಎರಡು ಸಾವಿರ ಪಟ್ಟು ಸೂಕ್ಷ್ಮ. ಕಣ್ಣಿಗೆ ಆಕರ್ಷಕವಾದದ್ದು ಚಿತ್ರ. ಆದರೆ ಕಾಲವನ್ನು ಅಳೆಯುವ ಉಪಕರಣವಾಗಿ ಮೊಬೈಲಿನ ಮೈಕು ಅದರ ಕ್ಯಾಮೆರಾಗಿಂತ ಎಷ್ಟೋ ಮೇಲು.

ಇದರ ಬೆಲೆ ಏನೆಂದು ತಿಳಿಯಲು ಒಂದು ಸರಳ ಪ್ರಯೋಗ ನೋಡೋಣ. ಗಟ್ಟಿ ರಬ್ಬರಿನ ಚೆಂಡನ್ನು ಸಿಮೆಂಟು ನೆಲಕ್ಕೆ ಬಿಟ್ಟು ಅದು ಪುಟಿಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಒಂದು ಪುಟಿತಕ್ಕೂ ಮುಂದಿನದಕ್ಕೂ ನಡುವಿನ ಕಾಲ ತಿಳಿದರೆ ಚೆಂಡು ಏರಿದ ಎತ್ತರ ಗೊತ್ತಾಗುತ್ತದೆ: ಕಾಲದ ವರ್ಗವನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸಿ 8ರಿಂದ ಭಾಗಿಸಬೇಕು. ಗಾಳಿಯ ತಡೆಯನ್ನು ಬಿಟ್ಟರೆ, ಒಂದು ಅಂತರವನ್ನು ಅದರ ಹಿಂದಿನ ಅಂತರದಿಂದ ಭಾಗಿಸಿದಾಗ ಪುಟಿತದ ಗುಣಾಂಕ ದೊರೆಯುತ್ತದೆ. ಉದಾಹರಣೆಗೆ ನಿಜವಾದ ಅಂತರಗಳು 0.640, 0.512, 0.410 ಸೆಕೆಂಡು ಎಂದಿಟ್ಟುಕೊಳ್ಳೋಣ. ಗುಣಾಂಕ ಎರಡು ಬಾರಿಯೂ 0.80. ಮೊದಲ ಅಂತರದಲ್ಲಿ ಚೆಂಡು ಏರಿದ ಎತ್ತರ ಸುಮಾರು 50 ಸೆಂಟಿಮೀಟರ್.

ಈಗ ಇದನ್ನೇ ಚಿತ್ರದಿಂದ ಓದಿ. ಚೆಂಡು ನೆಲ ಮುಟ್ಟಿದ್ದು ಯಾವ ಫ್ರೇಮಿನಲ್ಲಿ ಎಂದು ಎಣಿಸಿದರೆ ಅಂತರಗಳು 16, 13, 10 ಫ್ರೇಮು ಎಂದು ಬರುತ್ತವೆ. ಗುಣಾಂಕ ಮೊದಲು 0.81, ಆಮೇಲೆ 0.77. ಚುರುಕಾದ ವಿದ್ಯಾರ್ಥಿಯೊಬ್ಬ ಇದರಿಂದ 'ವೇಗ ಕಡಿಮೆಯಾದಂತೆ ಚೆಂಡಿನ ಪುಟಿಯುವ ಶಕ್ತಿಯೂ ಕುಗ್ಗುತ್ತದೆ' ಎಂಬ ತೀರ್ಮಾನಕ್ಕೆ ಬಂದರೆ ಅವನನ್ನು ಬಯ್ಯುವಂತಿಲ್ಲ. ಮೊದಲ ಅಂತರದಲ್ಲಿ ಒಂದು ಫ್ರೇಮು ಆಚೀಚೆಯಾದರೆ ಎತ್ತರ 44 ಸೆಂಟಿಮೀಟರ್ ಅಥವಾ 57 ಸೆಂಟಿಮೀಟರ್ ಆಗಿಬಿಡುತ್ತದೆ. ಅದೇ ಕಡತದ ಧ್ವನಿಯನ್ನು ಮಾತ್ರ ಬೇರ್ಪಡಿಸಿ ಆಡಾಸಿಟಿಯಂಥ ತಂತ್ರಾಂಶದಲ್ಲಿ ತೆರೆದರೆ ಪ್ರತಿ ಪುಟಿತವೂ ಒಂದು ಚೂಪಾದ ಗೆರೆಯಾಗಿ ಎದ್ದು ನಿಂತಿರುತ್ತದೆ. ಗೆರೆಯ ಆರಂಭವನ್ನು ಮಿಲಿಸೆಕೆಂಡಿಗಿಂತ ಕಡಿಮೆ ಅನಿಶ್ಚಿತತೆಯಿಂದ ಓದಬಹುದು. ಎತ್ತರದಲ್ಲಿ ಉಳಿಯುವ ದೋಷ ಒಂದೆರಡು ಮಿಲಿಮೀಟರ್ ಮಾತ್ರ.

ಆದ್ದರಿಂದ ಧ್ವನಿಯನ್ನು ಬೇರ್ಪಡಿಸುವ ಸೌಲಭ್ಯ ಭೌತಶಾಸ್ತ್ರದ ಶಿಕ್ಷಕನಿಗೆ ವರದಾನ. ಓಪನ್‌ಶಾಟ್‌ನಲ್ಲಿ ಧ್ವನಿ ಬೇರ್ಪಡಿಸುವ ಆಜ್ಞೆ ಕೊಟ್ಟರೆ ಎಡ, ಬಲ ವಾಹಿನಿಗಳನ್ನು ಒಟ್ಟಾಗಿ ಒಂದೇ ತುಣುಕಾಗಿ ಪಡೆಯಬಹುದು ಅಥವಾ ಎರಡು ಬೇರೆ ತುಣುಕುಗಳಾಗಿಯೂ ಪಡೆಯಬಹುದು. ಈ ಎರಡನೆಯ ಆಯ್ಕೆಯ ಬೆಲೆಯನ್ನು ಯಾವ ಕೈಪಿಡಿಯೂ ಹೇಳಿದ್ದನ್ನು ನಾನು ಕಂಡಿಲ್ಲ. ಎಡ, ಬಲ ವಾಹಿನಿಗಳಿಗೆ ಒಂದೊಂದು ಮೈಕನ್ನು ಜೋಡಿಸಿ, ಎರಡನ್ನೂ ಒಂದು ಮೀಟರ್ ಅಂತರದಲ್ಲಿ ನೇರ ಸಾಲಿನಲ್ಲಿಟ್ಟು, ಅದೇ ಸಾಲಿನ ಒಂದು ತುದಿಯಲ್ಲಿ ಎರಡು ಮರದ ತುಂಡುಗಳನ್ನು ಬಡಿದರೆ, ದೂರದ ಮೈಕಿನಲ್ಲಿ ಸದ್ದು 2.9 ಮಿಲಿಸೆಕೆಂಡು ತಡವಾಗಿ ಕಾಣುತ್ತದೆ. ಧ್ವನಿಯ ಲೆಕ್ಕದಲ್ಲಿ ಇದು 140 ಮಾದರಿಗಳು. ಒಂದು ಮಾದರಿಯಷ್ಟು ತಪ್ಪಾಗಿ ಓದಿದರೂ ಶಬ್ದದ ವೇಗದಲ್ಲಿ ಬರುವ ದೋಷ ಶೇಕಡಾ ಒಂದನ್ನು ಮುಟ್ಟುವುದಿಲ್ಲ. ಅನುರಣನ ನಳಿಕೆಯನ್ನೂ ನೀರನ್ನೂ ಹಿಡಿದು ಹೆಣಗಾಡುವ ತರಗತಿಯಲ್ಲಿ ಇಷ್ಟು ನಿಖರತೆ ಸುಲಭವಾಗಿ ಸಿಗದು. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಮೊಬೈಲ್ ತಂತ್ರಾಂಶದಲ್ಲಿ ಸದ್ದಿನಿಂದ ಸದ್ದಿಗೆ ಕಾಲ ಅಳೆಯುವ ನಿಲುಗಡಿಯಾರವೇ ಇದೆ. ಅದರ ಹಿಂದಿರುವ ತತ್ತ್ವವೂ ಇದೇ.

ತಂತ್ರಾಂಶಗಳ ವಿಷಯಕ್ಕೆ ಬರೋಣ. ಕೆಡೆನ್‌ಲೈವ್‌ನಲ್ಲಿ ಒಂದು ವಿಡಿಯೋವನ್ನು ಟೈಮ್‌ಲೈನಿಗೆ ಎಳೆದು ಹಾಕಿದರೆ ಚಿತ್ರ ಮೇಲಿನ ಟ್ರ್ಯಾಕಿಗೂ ಧ್ವನಿ ಕೆಳಗಿನ ಟ್ರ್ಯಾಕಿಗೂ ತಾವಾಗಿಯೇ ಹೋಗಿ ಕೂರುತ್ತವೆ. ಎರಡೂ ಒಂದು ಗುಂಪಾಗಿ ಕಟ್ಟಿಕೊಂಡಿರುತ್ತವೆ. ಒಂದನ್ನು ಸರಿಸಿದರೆ ಇನ್ನೊಂದೂ ಸರಿಯುತ್ತದೆ. ಗುಂಪನ್ನು ಬಿಡಿಸಿದರೆ ಮಾತ್ರ ಅವು ಸ್ವತಂತ್ರ. ಇದು ವಿವೇಕದ ವಿನ್ಯಾಸ. ಇನ್ನೂ ಮೆಚ್ಚತಕ್ಕ ಅಂಶವೆಂದರೆ, ಒಂದು ಧ್ವನಿಯನ್ನು ಆಧಾರವೆಂದು ಗುರುತಿಸಿ ಇನ್ನೊಂದನ್ನು ಅದಕ್ಕೆ ಹೊಂದಿಸುವ ಸೌಲಭ್ಯ. ತಂತ್ರಾಂಶ ಎರಡು ಧ್ವನಿಗಳ ಏರಿಳಿತವನ್ನು ಒಂದರ ಮೇಲೊಂದು ಜಾರಿಸುತ್ತ, ಎಲ್ಲಿ ಹೋಲಿಕೆ ಗರಿಷ್ಠವೋ ಅಲ್ಲಿ ನಿಲ್ಲಿಸುತ್ತದೆ. ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಸಹಸಂಬಂಧ ಎಂಬ ಗಣಿತದ ಪರಿಕಲ್ಪನೆಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪ್ರತ್ಯೇಕ ಮೈಕಿನಲ್ಲಿ ಮುದ್ರಿಸಿದ ಧ್ವನಿಯನ್ನು ಮೊಬೈಲಿನ ಚಿತ್ರಕ್ಕೆ ಕೂಡಿಸುವವರಿಗೆ ಇದು ಗಂಟೆಗಟ್ಟಲೆ ಶ್ರಮ ಉಳಿಸುತ್ತದೆ.

ಆದರೆ ಅದೇ ಕೆಡೆನ್‌ಲೈವ್‌ನ ಟೈಮ್‌ಲೈನಿನಲ್ಲಿ ಅತ್ಯಂತ ಚಿಕ್ಕ ಹೆಜ್ಜೆ ಒಂದು ಫ್ರೇಮು. ಧ್ವನಿಯನ್ನು ಅದಕ್ಕಿಂತ ಸೂಕ್ಷ್ಮವಾಗಿ ಸರಿಸಲು ಬರುವುದಿಲ್ಲ. ಸೆಕೆಂಡಿನ 48,000ದಲ್ಲಿ ಒಂದು ಭಾಗದಷ್ಟು ಸೂಕ್ಷ್ಮವಾಗಿ ದಾಖಲಾದ ಸಂಗತಿಯನ್ನು 25ರಲ್ಲಿ ಒಂದು ಭಾಗದ ಇಕ್ಕಳದಿಂದ ಹಿಡಿಯಬೇಕು. 40 ಮಿಲಿಸೆಕೆಂಡು ಎಂದರೆ ಗಾಳಿಯಲ್ಲಿ ಶಬ್ದ ಸುಮಾರು 14 ಮೀಟರ್ ಸಾಗುವ ಕಾಲ. ಒಂದು ತರಗತಿ ಕೊಠಡಿಯ ಉದ್ದಕ್ಕಿಂತ ಹೆಚ್ಚು! ವೃತ್ತಿಪರರು ಬಳಸುವ ಫೈನಲ್ ಕಟ್ ಪ್ರೊ ಧ್ವನಿಯನ್ನು ಫ್ರೇಮಿನ 80ನೇ ಒಂದು ಭಾಗದಷ್ಟು ಸರಿಸಲು ಬಿಡುತ್ತದೆ. ಪ್ರೀಮಿಯರ್‌ನಲ್ಲಿ ಟೈಮ್‌ಲೈನನ್ನೇ ಧ್ವನಿಯ ಅಳತೆಗೆ ಬದಲಿಸಿಕೊಳ್ಳಬಹುದು. ಪ್ರೀಮಿಯರ್‌ನಲ್ಲಿ ಜೋಡಿಯಾಗಿರುವ ಚಿತ್ರ–ಧ್ವನಿಗಳು ಪರಸ್ಪರ ಸರಿದಾಗ ಎಷ್ಟು ಫ್ರೇಮು ಸರಿದಿವೆ ಎಂಬ ಸಂಖ್ಯೆ ಕೆಂಪು ಗುರುತಿನಲ್ಲಿ ಕಾಣಿಸಿಕೊಳ್ಳುತ್ತದೆ. ಚಿಕ್ಕ ಸೌಲಭ್ಯವೇ. ಆದರೆ ನಮ್ಮ ಹೊಳೆಯ ವಿಡಿಯೋವನ್ನು ಪರಿಶೀಲಿಸಿದವರ ಕಣ್ಣಿಗೆ ಆ ಏಳರ ಅಂಕಿ ಬಿದ್ದಿದ್ದರೆ ಯಾರಾದರೂ 'ಇದೇನು' ಎಂದು ಕೇಳುತ್ತಿದ್ದರೇನೋ.

ದೂರದರ್ಶನ ಪ್ರಸಾರದವರು ಇಷ್ಟು ಸೂಕ್ಷ್ಮತೆ ಕೇಳದಿರಲು ಕಾರಣವಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಪ್ರಕಾರ ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡು ಮುಂಚೆ ಬಂದರೆ ನೋಡುವವರು ಗುರುತಿಸುತ್ತಾರೆ. ಆದರೆ ತಡವಾಗಿ ಬಂದರೆ 125 ಮಿಲಿಸೆಕೆಂಡಿನವರೆಗೂ ಗುರುತಿಸುವುದಿಲ್ಲ. ಈ ಅಸಮತೆ ಕುತೂಹಲಕರ. ನಿಸರ್ಗದಲ್ಲಿ ಸದ್ದು ಬೆಳಕಿಗಿಂತ ತಡವಾಗಿಯೇ ಬರುತ್ತದೆ, ಎಂದೂ ಮುಂಚೆ ಬರುವುದಿಲ್ಲ. ನಮ್ಮ ಮಿದುಳು ಒಂದಿಷ್ಟು ತಡವನ್ನು ಸಹಜವೆಂದು ಒಪ್ಪಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ನೋಡಲು ಈ ಮಿತಿ ಸಾಕು. ಮಾಪನಕ್ಕೆ ಸಾಲದು.

ಮೊಬೈಲಿನಿಂದ ಬರುವ ಇನ್ನೊಂದು ತೊಂದರೆ ಬದಲಾಗುವ ಫ್ರೇಮು ದರ. ಬೆಳಕು ಕಡಿಮೆಯಾದಾಗ ಮೊಬೈಲು ಪ್ರತಿ ಫ್ರೇಮನ್ನು ಹೆಚ್ಚು ಹೊತ್ತು ತೆರೆದಿಡುವ ಸಲುವಾಗಿ ಸೆಕೆಂಡಿನ ಫ್ರೇಮುಗಳ ಸಂಖ್ಯೆಯನ್ನೇ ಇಳಿಸಬಹುದು. ಧ್ವನಿ ಮಾತ್ರ ತನ್ನ ಪಾಡಿಗೆ ಒಂದೇ ದರದಲ್ಲಿ ಸಾಗುತ್ತದೆ. ಸಂಕಲನ ತಂತ್ರಾಂಶ ಫ್ರೇಮುಗಳು ಸಮಾನ ಅಂತರದಲ್ಲಿವೆ ಎಂದು ಭಾವಿಸಿದರೆ, ಪಾಠದ ಆರಂಭದಲ್ಲಿ ಹೊಂದಿಕೊಂಡಿದ್ದ ಮಾತು ಕೊನೆಯ ವೇಳೆಗೆ ಜಾರಿರುತ್ತದೆ. ಆಗ ಧ್ವನಿಯನ್ನು ಬೇರ್ಪಡಿಸಿ ಎಳೆದಾಡಿ ಪ್ರಯೋಜನವಿಲ್ಲ. ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಕೆಡುತ್ತದೆ. ಕೆಡೆನ್‌ಲೈವ್ ಇಂಥ ಕಡತ ಬಂದಾಗ ಎಚ್ಚರಿಸಿ, ಸಮಾನ ದರಕ್ಕೆ ಪರಿವರ್ತಿಸಲೇ ಎಂದು ಕೇಳುತ್ತದೆ. 'ಹೌದು' ಎನ್ನಬೇಕು. ಪ್ರತ್ಯೇಕ ಮುದ್ರಕ ಬಳಸಿದರೂ ಜಾರುವಿಕೆ ತಪ್ಪದು: ಎರಡು ಉಪಕರಣಗಳ ಸ್ಫಟಿಕ ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 50 ಭಾಗ ವ್ಯತ್ಯಾಸವಿದ್ದರೆ ಒಂದು ಗಂಟೆಯಲ್ಲಿ 0.18 ಸೆಕೆಂಡು ಅಂತರ ಬೀಳುತ್ತದೆ. ಧ್ವನಿಯನ್ನು ಎಂಪಿ3 ರೂಪದಲ್ಲಿ ಹೊರತೆಗೆದು ಮತ್ತೆ ಸೇರಿಸುವವರು ಇನ್ನೊಂದನ್ನೂ ನೆನಪಿಡಬೇಕು: ಸಂಕೋಚನದ ಕ್ರಿಯೆಯೇ ಆರಂಭದಲ್ಲಿ ಸಾವಿರಕ್ಕೂ ಹೆಚ್ಚು ಮಾದರಿಗಳಷ್ಟು ಮೌನವನ್ನು ಸೇರಿಸಬಲ್ಲದು. ವೇವ್ ರೂಪದಲ್ಲಿ ಉಳಿಸಿದರೆ ಈ ತಾಪತ್ರಯ ಇಲ್ಲ.

ಇವೆಲ್ಲ ಕೈತಪ್ಪಿನಿಂದ ಆಗುವ ದೋಷಗಳು. ಇವುಗಳಿಗಿಂತ ಗಂಭೀರವಾದದ್ದು, ಉದ್ದೇಶಪೂರ್ವಕವಾಗಿ, ಆದರೆ ಒಳ್ಳೆಯ ಉದ್ದೇಶದಿಂದಲೇ, ಆಗುವ ದೋಷ. ನಿರ್ವಾತದಲ್ಲಿ ಶಬ್ದ ಸಾಗದು ಎಂದು ತೋರಿಸುವ ಬೆಲ್‌ಜಾರ್ ಪ್ರಯೋಗ ಎಲ್ಲರಿಗೂ ಗೊತ್ತು. ಗಾಜಿನ ಜಾಡಿಯೊಳಗೆ ವಿದ್ಯುತ್ ಗಂಟೆ ಬಾರಿಸುತ್ತಿರುತ್ತದೆ. ಪಂಪಿನಿಂದ ಗಾಳಿಯನ್ನು ಹೊರತೆಗೆದಂತೆ ಸದ್ದು ಕುಗ್ಗುತ್ತದೆ. ರಾಬರ್ಟ್ ಬಾಯ್ಲ್ 1660ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದೂ ಒಂದು. ಅವನು ಬಳಸಿದ್ದು ಗಡಿಯಾರ. ಇದನ್ನು ತೋರಿಸುವ ಒಂದು ವಿಡಿಯೋದಲ್ಲಿ ಗಂಟೆಯ ಸದ್ದು ಸುಮಾರು ಹತ್ತು ಸೆಕೆಂಡುಗಳಲ್ಲಿ ನಯವಾಗಿ ಇಳಿದು ಪೂರ್ತಿ ಮೌನವಾಗುತ್ತದೆ. ಪರಿಣಾಮ ನಾಟಕೀಯವಾಗಿದೆ. ಆದರೆ ಎಚ್ಚರದಿಂದ ಕೇಳಿದರೆ ಪಂಪಿನ ಸದ್ದೂ ಅದೇ ಪ್ರಮಾಣದಲ್ಲಿ ಇಳಿದು ಇಲ್ಲವಾಗುತ್ತದೆ. ಪಂಪು ಇರುವುದು ಜಾಡಿಯ ಹೊರಗೆ! ಪರದೆಯ ಮೇಲೆ ಅದು ಇನ್ನೂ ಅದುರುತ್ತಿದೆ. ಅಲ್ಲಿ ಇಳಿದದ್ದು ಜಾಡಿಯೊಳಗಿನ ಒತ್ತಡವಲ್ಲ, ಬೇರ್ಪಡಿಸಿದ ಧ್ವನಿಪಥದ ಮೇಲೆ ಎಳೆದ ಒಂದು ಓರೆ ಗೆರೆ.

ಸಂಕಲನಕಾರರನ್ನು ಸಂಪೂರ್ಣವಾಗಿ ದೂರಲಾಗದು. ಮೊಬೈಲಿನಲ್ಲಿ ಈ ಪ್ರಯೋಗವನ್ನು ಚಿತ್ರೀಕರಿಸಿದರೆ ಅದು ಬಹುಮಟ್ಟಿಗೆ ವಿಫಲವಾಗುತ್ತದೆ. ಮೊಬೈಲಿನಲ್ಲಿ ಧ್ವನಿಯ ಪ್ರಬಲತೆಯನ್ನು ತಾನಾಗಿಯೇ ಹೊಂದಿಸಿಕೊಳ್ಳುವ ವ್ಯವಸ್ಥೆ ಇರುತ್ತದೆ. ಸದ್ದು ಕುಗ್ಗಿದಂತೆ ಅದು ವರ್ಧನೆಯನ್ನು ಏರಿಸುತ್ತದೆ. ಕೋಣೆಯಲ್ಲಿದ್ದವರಿಗೆ ಗಂಟೆ ಕ್ಷೀಣವಾಗಿ ಕೇಳಿದರೂ ಕಡತದಲ್ಲಿ ಅಷ್ಟೇ ಜೋರಾಗಿರುತ್ತದೆ. 'ಪ್ರಯೋಗ ಸರಿಯಾಗಿಯೇ ಆಯಿತು, ವಿಡಿಯೋದಲ್ಲಿ ಮಾತ್ರ ಬರಲಿಲ್ಲ' ಎಂದುಕೊಂಡು ಸದ್ದನ್ನು ಕೈಯಿಂದ ಇಳಿಸಿದರೆ, ನಡೆದದ್ದನ್ನೇ ತೋರಿಸಿದ್ದೇವೆ ಎಂಬ ಸಮಾಧಾನ ಸಿಗುತ್ತದೆ. ಆದರೆ ನಿಜವಾಗಿ ನಡೆಯುವುದು ಹಾಗಲ್ಲ. ಜಾಡಿಯೊಳಗಿನ ಒತ್ತಡ ಹತ್ತನೇ ಒಂದಕ್ಕೆ ಇಳಿದರೆ, ಗಾಳಿಯ ಮೂಲಕ ಹೊರಬರುವ ಸದ್ದು ಸರಿಸುಮಾರು 20 ಡೆಸಿಬೆಲ್ ಇಳಿಯುತ್ತದೆ. ನೂರನೇ ಒಂದಕ್ಕೆ ಇಳಿದರೆ 40 ಡೆಸಿಬೆಲ್. ಅದರ ನಂತರ ಗಂಟೆಯನ್ನು ನೇತುಹಾಕಿದ ತಂತಿ, ತಳದ ಫಲಕ ಇವುಗಳ ಮೂಲಕ ಹರಿಯುವ ಕಂಪನವೇ ಮೇಲುಗೈ ಪಡೆದು, ಸದ್ದು ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಶಾಲೆಯ ಪಂಪಿನಿಂದ ಪೂರ್ಣ ಮೌನ ಎಂದೂ ಬರುವುದಿಲ್ಲ.

ಬರಬೇಕಾಗಿಯೂ ಇಲ್ಲ. ಇಲ್ಲಿ ನಮ್ಮ ಪಠ್ಯಗಳ ವಿವರಣೆಯೂ ಸ್ವಲ್ಪ ಸಡಿಲ. ವಾತಾವರಣದ ಒತ್ತಡದಲ್ಲಿ ಗಾಳಿಯ ಅಣುವೊಂದು ಡಿಕ್ಕಿಯಿಂದ ಡಿಕ್ಕಿಗೆ ಸಾಗುವ ಸರಾಸರಿ ದೂರ ಮೈಕ್ರೋಮೀಟರಿನ ಹತ್ತನೇ ಒಂದಕ್ಕಿಂತಲೂ ಕಡಿಮೆ. ಒತ್ತಡ ನೂರನೇ ಒಂದಕ್ಕೆ ಇಳಿದಾಗಲೂ ಅದು ಸುಮಾರು 7 ಮೈಕ್ರೋಮೀಟರ್ ಅಷ್ಟೆ. 1,000 ಹರ್ಟ್ಸ್ ಶಬ್ದದ ತರಂಗದೂರವಾದ 34 ಸೆಂಟಿಮೀಟರಿನ ಮುಂದೆ ಇದು ಏನೇನೂ ಅಲ್ಲ. ಜಾಡಿಯೊಳಗೆ ಶಬ್ದ ಸಾಗಲು ಸಾಕಷ್ಟು ಮಾಧ್ಯಮ ಇನ್ನೂ ಇದೆ. ಸದ್ದು ಕುಗ್ಗುವುದು ವಿರಳವಾದ ಅನಿಲಕ್ಕೆ ಗಂಟೆ ತನ್ನ ಕಂಪನವನ್ನು ಸರಿಯಾಗಿ ದಾಟಿಸಲಾರದ್ದರಿಂದ, ಆ ಅನಿಲ ಗಾಜನ್ನು ಅದುರಿಸಲಾರದ್ದರಿಂದ. ಉಳಿದ ಕ್ಷೀಣ ಸದ್ದು ಎಲ್ಲಿಂದ ಬಂತು ಎಂದು ವಿದ್ಯಾರ್ಥಿ ಕೇಳಿದರೆ ಪಾಠ ಅಲ್ಲಿಂದ ಮುಂದಕ್ಕೆ ಬೆಳೆಯುತ್ತದೆ. ಓರೆ ಗೆರೆಯ ಮೌನ ಆ ಪ್ರಶ್ನೆಯನ್ನೇ ಅಳಿಸಿಬಿಟ್ಟಿದೆ. ಹೆಚ್ಚು ಕೆಟ್ಟದ್ದೆಂದರೆ, ಶಾಲೆಯಲ್ಲಿ ನಿಜವಾದ ಪ್ರಯೋಗ ಮಾಡಿ ಸದ್ದು ಉಳಿದುಕೊಂಡಾಗ, ವಿಡಿಯೋ ನೋಡಿ ಬಂದ ಮಕ್ಕಳು 'ನಮ್ಮ ಪ್ರಯೋಗ ಸರಿಬರಲಿಲ್ಲ ಸಾರ್' ಎನ್ನುತ್ತಾರೆ.

ಈ ಪ್ರಬಲತೆಯ ಹೊಂದಾಣಿಕೆಯಿಂದ ಪಾರಾಗುವ ದಾರಿ ಇದೆ. ಆಂಡ್ರಾಯ್ಡ್‌ನ 2016ರ ಏಳನೆಯ ಆವೃತ್ತಿಯಿಂದ ಸಂಸ್ಕರಿಸದ ಧ್ವನಿಯನ್ನೇ ಕೇಳಿ ಪಡೆಯುವ ಅವಕಾಶವನ್ನು ತಂತ್ರಾಂಶ ತಯಾರಕರಿಗೆ ಕೊಡಲಾಗಿದೆ. ಓಪನ್ ಕ್ಯಾಮೆರಾದಂಥ ತಂತ್ರಾಂಶಗಳಲ್ಲಿ ಧ್ವನಿಯ ಮೂಲವನ್ನು ಆರಿಸಿಕೊಳ್ಳಬಹುದು. ಎಲ್ಲ ಮೊಬೈಲುಗಳಲ್ಲೂ ಅದು ಕೆಲಸ ಮಾಡದು. ಆಗ ಜಾಡಿಯ ಹೊರಗೆ ಸ್ಥಿರ ಪ್ರಬಲತೆಯ ಇನ್ನೊಂದು ಸದ್ದನ್ನು, ಬೇರೆ ಆವೃತ್ತಿಯದು, ಉದ್ದಕ್ಕೂ ನುಡಿಸುತ್ತಿದ್ದರೆ ಸಾಕು. ಅದಕ್ಕೆ ಹೋಲಿಸಿ ಗಂಟೆಯ ಸದ್ದು ಎಷ್ಟು ಕುಗ್ಗಿತು ಎಂದು ಆಡಾಸಿಟಿಯ ರೋಹಿತದಲ್ಲಿ ಅಳೆಯಬಹುದು.

ಹಿನ್ನೆಲೆ ಸಂಗೀತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶ್ರುತಿಕವೆಗಳ ವಿಸ್ಪಂದವನ್ನು ತೋರಿಸುವ ವಿಡಿಯೋದ ಕೆಳಗೆ ಕೊಳಲು ನುಡಿಸುವವರ ಅಭಿರುಚಿ ಏನೇ ಇರಲಿ, ಕಿವಿಯ ಮೇಲೆ ಅವರಿಗೆ ಕರುಣೆ ಇರಬೇಕಿತ್ತು. ಸದ್ದು ಶೋಧಿಸುವ ಸೌಲಭ್ಯ ಇನ್ನೂ ಅಪಾಯಕಾರಿ. ಅದು ನಿರಂತರವಾದ ಸಮಶ್ರುತಿಯನ್ನು ಗದ್ದಲವೆಂದೇ ಬಗೆಯುತ್ತದೆ. ಶ್ರುತಿಕವೆಯ ನಾದ ಅದರ ದೃಷ್ಟಿಯಲ್ಲಿ ಪಂಖದ ಗುಯ್‌ಗುಟ್ಟುವಿಕೆಯಂತೆಯೇ. ಚಿತ್ರವನ್ನು ಅರ್ಧ ವೇಗಕ್ಕೆ ಇಳಿಸಿದಾಗ ಧ್ವನಿಯ ಶ್ರುತಿಯನ್ನು ಹಾಗೆಯೇ ಉಳಿಸುವ ಆಯ್ಕೆಯೂ ಇದೆ. ಮಾತಿಗೆ ಅದು ಒಳ್ಳೆಯದು. ಆದರೆ 256 ಹರ್ಟ್ಸ್ ಕವೆಯ ಕಂಪನವನ್ನು ಅರ್ಧ ವೇಗದಲ್ಲಿ ತೋರಿಸುತ್ತ 256 ಹರ್ಟ್ಸ್ ನಾದವನ್ನೇ ಕೇಳಿಸಿದರೆ, ಕಾಲವನ್ನು ಹಿಗ್ಗಿಸಿದಾಗ ಆವೃತ್ತಿ ಏನಾಗುತ್ತದೆ ಎಂಬ ಪ್ರಾಥಮಿಕ ಸಂಗತಿಗೇ ವಿರುದ್ಧವಾದ ಸಾಕ್ಷ್ಯವನ್ನು ಕೊಟ್ಟಂತೆ. ಮಿಂಚು ಗುಡುಗುಗಳನ್ನು ಒಟ್ಟಿಗೆ ತೋರಿಸುವ ರೋಗವಂತೂ ಹಳೆಯದು. ಗುಡುಗು ಸುಮಾರು ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನಂತೆ ಬರುತ್ತದೆ ಎಂದು ಕಲಿಸುವ ಪಾಠಗಳೂ ಇದಕ್ಕೆ ಹೊರತಲ್ಲ.

ಹಾಗಾದರೆ ಧ್ವನಿಯನ್ನು ಮುಟ್ಟಲೇಬಾರದೆ? ಮುಟ್ಟಬಹುದು, ಹೇಗೆ ಎಂಬುದಕ್ಕೆ ಒಳ್ಳೆಯ ಮಾದರಿ ಮಂಗಳ ಗ್ರಹದಿಂದ ಬಂದಿದೆ. ನಾಸಾದ ಪರ್ಸೆವೆರೆನ್ಸ್ ವಾಹನ 2021ರ ಫೆಬ್ರವರಿ 18ರಂದು ಅಲ್ಲಿ ಇಳಿಯಿತು. ಇಳಿಯುವಾಗಿನ ಸದ್ದನ್ನು ಹಿಡಿಯಲು ಒಂದು ಮೈಕನ್ನು ಇಡಲಾಗಿತ್ತು. ಚಿತ್ರಗಳು ಅದ್ಭುತವಾಗಿ ಬಂದವು. ಮೈಕಿನಿಂದ ಮಾತ್ರ ಇಳಿಯುವ ಹೊತ್ತಿನ ಬಳಸಬಹುದಾದ ಧ್ವನಿ ದೊರೆಯಲಿಲ್ಲ. ನಾಲ್ಕು ದಿನಗಳ ನಂತರ ಪ್ರಕಟವಾದ ವಿಡಿಯೋದಲ್ಲಿ ಕೇಳುವುದು ನಿಯಂತ್ರಣ ಕೊಠಡಿಯ ಘೋಷಣೆಗಳು, ಮುಖ್ಯವಾಗಿ ಬೆಂಗಳೂರಿನಲ್ಲಿ ಹುಟ್ಟಿದ ಸ್ವಾತಿ ಮೋಹನ್ ಅವರ ದನಿ. ಆ ಮಾತುಗಳನ್ನು ಆಡುವ ಹೊತ್ತಿಗೆ ವಾಹನದ ಸಂಕೇತಗಳು ಭೂಮಿಯನ್ನು ತಲುಪಲು 11 ನಿಮಿಷಗಳಿಗೂ ಹೆಚ್ಚು ಕಾಲ ತೆಗೆದುಕೊಂಡಿದ್ದವು. ವಿಡಿಯೋದಲ್ಲಿ ಚಿತ್ರ ಮತ್ತು ಮಾತು ಒಟ್ಟಿಗೆ ಸಾಗುತ್ತವೆ. ಹೊಳೆಯ ವಿಡಿಯೋದಲ್ಲಿ ಏಳು ಫ್ರೇಮು ಎಳೆದದ್ದಕ್ಕೆ ಆಕ್ಷೇಪಿಸಿದವನು ಇಲ್ಲಿ 11 ನಿಮಿಷ ಎಳೆದದ್ದನ್ನು ಹೇಗೆ ಒಪ್ಪುತ್ತಾನೆ ಎಂದು ಕೇಳಬಹುದು. ಇಲ್ಲಿ ಧ್ವನಿ ಮಂಗಳದ್ದೆಂದು ಯಾರೂ ಹೇಳಿಲ್ಲ. ರಾಕೆಟ್ಟಿನ ಅಬ್ಬರವನ್ನು ಯಾವುದೋ ಕಡತದಿಂದ ತಂದು ಸೇರಿಸುವುದು ಎಷ್ಟು ಸುಲಭವಿತ್ತು! ಹಾಗೆ ಮಾಡದೆ, ಮೈಕು ಕೆಲಸ ಮಾಡಲಿಲ್ಲ ಎಂದೇ ಹೇಳಿದರು.

ಅದೇ ವರ್ಷ ಏಪ್ರಿಲ್ 30ರಂದು ಇಂಜೆನ್ಯುಯಿಟಿ ಹೆಲಿಕಾಪ್ಟರಿನ ನಾಲ್ಕನೆಯ ಹಾರಾಟದ ಸದ್ದನ್ನು ವಾಹನದ ಇನ್ನೊಂದು ಮೈಕು ಹಿಡಿಯಿತು. ಚಿತ್ರ ತೆಗೆದದ್ದು ಒಂದು ಉಪಕರಣ, ಧ್ವನಿ ಹಿಡಿದದ್ದು ಇನ್ನೊಂದು. ಹೆಲಿಕಾಪ್ಟರು ಮೇಲೆದ್ದ ಜಾಗ 80 ಮೀಟರ್ ದೂರ. ಗಾಳಿಯ ಸದ್ದಿನ ನಡುವೆ ಅದರ ಗುಂಯ್‌ಗಾರ ಕ್ಷೀಣ. ವಿಜ್ಞಾನಿಗಳು 80 ಹರ್ಟ್ಸ್‌ಗಿಂತ ಕೆಳಗಿನ, 90 ಹರ್ಟ್ಸ್‌ಗಿಂತ ಮೇಲಿನ ಆವೃತ್ತಿಗಳನ್ನು ತಗ್ಗಿಸಿ, ಉಳಿದದ್ದನ್ನು ವರ್ಧಿಸಿ ಪ್ರಕಟಿಸಿದರು. ಏನನ್ನು ತೆಗೆದೆವು, ಏನನ್ನು ಉಳಿಸಿದೆವು ಎಂಬುದನ್ನು ಜೊತೆಯಲ್ಲೇ ಹೇಳಿದರು. ಉಳಿದ 84 ಹರ್ಟ್ಸ್ ಎಲ್ಲಿಂದ ಬಂತೆಂದು ಯಾವ ವಿದ್ಯಾರ್ಥಿಯೂ ಪರಿಶೀಲಿಸಬಹುದು: ರೆಕ್ಕೆಗಳು ನಿಮಿಷಕ್ಕೆ 2,537 ಬಾರಿ ಸುತ್ತುತ್ತಿದ್ದವು, ಅಂದರೆ ಸೆಕೆಂಡಿಗೆ ಸುಮಾರು 42 ಬಾರಿ, ಪ್ರತಿ ಸುತ್ತುಗಕ್ಕೆ ಎರಡು ಅಲಗು. ಅಲ್ಲಿನ ವಿರಳ ವಾತಾವರಣದಲ್ಲಿ ಇಂಥ ತಗ್ಗು ಶ್ರುತಿಯ ಶಬ್ದದ ವೇಗ ಸೆಕೆಂಡಿಗೆ ಸುಮಾರು 240 ಮೀಟರ್, ಹೆಚ್ಚು ಆವೃತ್ತಿಯ ಶಬ್ದಕ್ಕೆ ಅದಕ್ಕಿಂತ ಸುಮಾರು 10 ಮೀಟರ್ ಜಾಸ್ತಿ ಎಂದು ಅದೇ ಮೈಕಿನ ದಾಖಲೆಗಳಿಂದ 2022ರಲ್ಲಿ ಪ್ರಕಟಿಸಿದರು. ಧ್ವನಿಪಥವನ್ನು ಹಿನ್ನೆಲೆಯೆಂದು ಬಗೆದಿದ್ದರೆ ಈ ಫಲಿತಾಂಶ ಇರುತ್ತಿರಲಿಲ್ಲ.

ನಮ್ಮಲ್ಲಿ ತಯಾರಾಗುವ ವಿಡಿಯೋಗಳನ್ನು ಆರಿಸುವ ಸಮಿತಿಗಳು ಚಿತ್ರದ ಸ್ಪಷ್ಟತೆ, ಭಾಷೆ, ಅವಧಿ ಇವುಗಳಿಗೆ ಅಂಕ ಕೊಡುತ್ತವೆ. ಧ್ವನಿಯ ಕಾಲಮಿಗೆ ಬಂದಾಗ 'ಸ್ಪಷ್ಟವಾಗಿ ಕೇಳುತ್ತದೆಯೇ' ಎಂಬ ಒಂದೇ ಪ್ರಶ್ನೆ. ಪ್ರಯೋಗದ ಭಾಗದಲ್ಲಿ ಕೇಳುವುದು ಪ್ರಯೋಗದ್ದೇ ಧ್ವನಿಯೇ, ಅದನ್ನು ಸರಿಸಲಾಗಿದೆಯೇ, ಶೋಧಿಸಲಾಗಿದೆಯೇ ಎಂಬ ಪ್ರಶ್ನೆಗಳೂ ಅಲ್ಲಿರಬೇಕು. ಉತ್ತರವನ್ನು ಪರದೆಯ ಕೆಳಗೆ ಒಂದು ಸಾಲಿನಲ್ಲಿ ಬರೆದರೆ ಸಾಕು.

ಶಿಕ್ಷಕರು ಮಾಡಬಹುದಾದದ್ದೂ ಹೆಚ್ಚೇನಿಲ್ಲ. ಚಿತ್ರೀಕರಣದ ಆರಂಭದಲ್ಲೂ ಕೊನೆಯಲ್ಲೂ ಕ್ಯಾಮೆರಾದ ಹತ್ತಿರ ಒಂದೊಂದು ಚಪ್ಪಾಳೆ ತಟ್ಟಬೇಕು. ಎರಡೂ ಕಡೆ ಚಿತ್ರ ಮತ್ತು ಸದ್ದು ಹೊಂದಿದ್ದರೆ ನಡುವೆ ಜಾರಿಲ್ಲ ಎಂದು ಬಹುಮಟ್ಟಿಗೆ ನಂಬಬಹುದು. ಕೋಣೆಯ ಉಷ್ಣತೆಯನ್ನು ಬರೆದಿಡಬೇಕು. ವಿವರಣೆಯನ್ನು ಬೇರೆ ಟ್ರ್ಯಾಕಿನಲ್ಲಿ ಸೇರಿಸಿ, ಮೂಲ ಧ್ವನಿಯನ್ನು ಚಿತ್ರದ ಗುಂಪಿನಿಂದ ಬಿಡಿಸದೆ ಹಾಗೆಯೇ ಉಳಿಸಬೇಕು. ಬೇಡವಾದ ಕಡೆ ಅದನ್ನು ಅಳಿಸುವ ಬದಲು ಮೂಕವಾಗಿಸಿದರಾಯಿತು. ಮೊಬೈಲಿನಿಂದ ಬಂದ ಮೂಲ ಕಡತವನ್ನು ಸಂಕಲನ ಮುಗಿದ ಮೇಲೂ ಶಾಲೆಯ ಗಣಕದಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ವರ್ಷದ ವಿದ್ಯಾರ್ಥಿಗಳು ಅದರ ಧ್ವನಿಯನ್ನು ತೆರೆದು, ಚೆಂಡಿನ ಪುಟಿತಗಳ ಅಂತರವನ್ನು ತಾವೇ ಅಳೆಯಬಹುದು.